ರಬ್ಬರ್ ಸ್ಟ್ಯಾಂಪಿನ ಸಹಿ

ನಮ್ಮ ಆಫೀಸಿನಿಂದ ಮಂತ್ರಿಗಳಿಗೆ ಹೋಗುವ ಪತ್ರಗಳಲ್ಲಿ ಮೂರು ಬಗೆ. ಮೊದಲನೆಯದರ ಕೆಳಗೆ ಸಾಹೇಬರ ಸಹಿಯ ರಬ್ಬರ್ ಸ್ಟ್ಯಾಂಪು ಇರುತ್ತದೆ. ಎರಡನೆಯದಕ್ಕೆ ಅವರೇ ಪೆನ್ನು ಹಿಡಿದು ಸಹಿ ಹಾಕುತ್ತಾರೆ. ಮೂರನೆಯದಕ್ಕೆ ಸಹಿ ಹಾಕಿ, ಅದರ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸುತ್ತಾರೆ: ‘ದಯವಿಟ್ಟು ಇದನ್ನು ನೀವೇ ಓದಿ.’ ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದರೆ ಮಂತ್ರಿಗಳ ಆಫೀಸಿನಲ್ಲಿ ಲಕೋಟೆ ಒಡೆಯುವವರಿಗೆಲ್ಲ ಗೊತ್ತು. ಸ್ಟ್ಯಾಂಪು ಎಂದರೆ, ಯಾರೋ ಮತದಾರ ಬಂದು ಕೂತ, ಇಲ್ಲ ಎನ್ನಲಾಗದೆ ಕಳಿಸಿದ್ದೇವೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಪೆನ್ನು ಎಂದರೆ, ಒಮ್ಮೆ ನೋಡಿ. ಕೈಬರಹದ ಸಾಲು ಎಂದರೆ, ಇದು ಆಗಲೇಬೇಕು. ಆ ಸ್ಟ್ಯಾಂಪು ಹನ್ನೊಂದು ವರ್ಷದಿಂದ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ.

ಸಾಹೇಬರು ಎಂದರೆ ಸಿಡ್ನಿಯ ವಾಯುವ್ಯ ಮೂಲೆಯ ನಮ್ಮ ಕ್ಷೇತ್ರದ ಎಂ.ಪಿ. ಆಳುವ ಪಕ್ಷದವರೇ, ಆದರೆ ಹಿಂದಿನ ಬೆಂಚು. ಮಂತ್ರಿಯಾದವರಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಹಿಂದಿನ ಬೆಂಚಿನವರ ಕೆಲಸವೇನು ಎಂದು ನಮ್ಮವರು ಆಗಾಗ ಕೇಳುತ್ತಾರೆ. ತಲೆಯಾಡಿಸುವುದು. ಮಂತ್ರಿ ಎದ್ದು ಮಾತಾಡುವಾಗ ಟಿವಿಯಲ್ಲಿ ಹಿಂದೆ ಖಾಲಿ ಕುರ್ಚಿ ಕಾಣಬಾರದು, ಅದಕ್ಕೆ ಇಂಥವರನ್ನು ಸುತ್ತ ಕೂರಿಸುತ್ತಾರೆ. ಇವರು ಗಂಭೀರವಾಗಿ ತಲೆಯಾಡಿಸಬೇಕು, ಎದುರು ಪಕ್ಷದವರು ಏನಾದರೂ ಅಂದರೆ ನಗಬೇಕು. ಪ್ರಶ್ನೋತ್ತರದ ದಿನ ಬೆಳಿಗ್ಗೆ ಮಂತ್ರಿಯ ಆಫೀಸಿನಿಂದಲೇ ಪ್ರಶ್ನೆ ಬರೆದು ಬರುತ್ತದೆ. ಮಧ್ಯಾಹ್ನ ಇವರು ಎದ್ದು, ಈಗ ತಾನೇ ಹೊಳೆದ ಹಾಗೆ, ಅದನ್ನು ಅದೇ ಮಂತ್ರಿಗೆ ಕೇಳುತ್ತಾರೆ. ನಮ್ಮ ಸಾಹೇಬರು ಹಿಂದಿನ ರಾತ್ರಿಯಿಂದಲೇ ರಾಜಧಾನಿಯ ಹೋಟೆಲಿನ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದರು. ತಿಂಗಳಿಗೊಂದು ಪ್ರಶ್ನೆ ಸಿಕ್ಕರೆ ಅವರಿಗೆ ಹಬ್ಬ.

ಉಳಿದದ್ದೆಲ್ಲ ನಮ್ಮ ಆಫೀಸಿನಲ್ಲಿ. ಶಾಪಿಂಗ್ ಸೆಂಟರಿನಲ್ಲಿ ಔಷಧಿ ಅಂಗಡಿಗೂ ಕೂದಲು ಕತ್ತರಿಸುವ ಸಲೂನಿಗೂ ನಡುವೆ ಇರುವ ಆಫೀಸು ಅದು. ತೊಂಬತ್ತು ತುಂಬಿದವರಿಗೆ ಶುಭಾಶಯ ಪತ್ರ, ಮದುವೆಯಾಗಿ ಐವತ್ತು ವರ್ಷ ಜಗಳವಾಡಿದವರಿಗೆ ಅಭಿನಂದನಾ ಪತ್ರ, ಶಾಲೆಗಳಿಗೆ ಧ್ವಜ. ಪಕ್ಕದ ಮನೆಯವರ ಮರದ ಎಲೆ ನಮ್ಮ ಗಟರಿಗೆ ಬೀಳುತ್ತದೆ ಎಂದು ಬರುವವರಿಗೆ, ಅದು ಕೌನ್ಸಿಲ್ ಕೆಲಸ ಎಂದು ದಿನಕ್ಕೆ ಆರು ಸಲ ಹೇಳುವುದು. ಇದೆಲ್ಲ ನಾನು ಮಾಡುತ್ತಿದ್ದೆ. ವೀಸಾ ಕೇಸುಗಳನ್ನೂ ನಾನೇ ನೋಡುತ್ತಿದ್ದೆ.

ನಮ್ಮ ಕನ್ನಡದವರ ಕಣ್ಣಿನಲ್ಲಿ ಇದು ಕೆಲಸವೇ ಅಲ್ಲ. ಇಲ್ಲಿ ಡಾಕ್ಟರು, ಎಂಜಿನಿಯರು, ನಾರ್ವೆಸ್ಟಿನ ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರು ಆಗದವರನ್ನು ‘ಪಾಪ’ ಎನ್ನುವ ಪಟ್ಟಿಗೆ ಸೇರಿಸಿಬಿಡುತ್ತಾರೆ. ಒಬ್ಬ ಡಾಕ್ಟರ ಹೆಂಡತಿ ನನ್ನನ್ನು ಕೇಳಿದ್ದಳು: “ನೀವು ಅಲ್ಲಿ ಫೋನ್ ತಗೊಳ್ಳೋದಾ, ಅಥವಾ ಟೈಪಿಂಗೂ ಇರುತ್ತಾ?” ನಾನು ನಕ್ಕು ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. ಮೈ ಉರಿದುಹೋಗಿತ್ತು. ಹತ್ತು ವರ್ಷವಾದರೂ ಆ ಮಾತು ನನ್ನಲ್ಲಿ ಹಾಗೆಯೇ ಇತ್ತು, ಮುಂದೆ ನಡೆದದ್ದಕ್ಕೆ ಅದೇ ಕಾರಣವೆಂದು ಹೇಳಿ ಜಾರಿಕೊಳ್ಳುವುದಿಲ್ಲ, ಆದರೆ ಇತ್ತು.

ಆ ತಾಯಿ ಬಂದದ್ದು ಒಂದು ಫೆಬ್ರುವರಿಯ ಸೆಕೆಯಲ್ಲಿ, ಮಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು. ಗದಗಿನ ಕಡೆಯವಳು, ಮೂವತ್ತೈದರ ಆಸುಪಾಸು. ಅಡುಗೆ ಕೋರ್ಸಿಗೆಂದು ಸ್ಟೂಡೆಂಟ್ ಆಗಿ ಬಂದು, ಹ್ಯಾರಿಸ್ ಪಾರ್ಕ್ ಬಡಾವಣೆಯ ಹೋಟೆಲೊಂದರ ಅಡುಗೆಮನೆಯಲ್ಲಿ ಶೆಫ್ ಆಗಿದ್ದಳು. ಬಾಡಿಗೆ ಮನೆ ನಮ್ಮ ಕ್ಷೇತ್ರದಲ್ಲಿ. ಗಂಡ ಲಾರಿ ಓಡಿಸುತ್ತಿದ್ದ. ಮಗಳು ಇಲ್ಲೇ ಹುಟ್ಟಿದವಳು, ಎಂಟು ವರ್ಷ. ಹುಟ್ಟುವಾಗ ಉಸಿರು ಸಿಗದೆ ಮೆದುಳಿಗೆ ಪೆಟ್ಟಾಗಿ ನಡೆಯಲಾರಳು, ಕೈ ಹೇಳಿದ ಮಾತು ಕೇಳುವುದಿಲ್ಲ, ಮಾತು ನಿಧಾನ. ಬುದ್ಧಿ ಮಾತ್ರ ಚುರುಕು. ಇಲ್ಲೇ ಕಾಯಂ ಆಗಿ ನೆಲೆಸಲು ಮೂವರೂ ಪಿಆರ್‌ಗೆ ಹಾಕಿದ್ದರು. ಈ ಮಗುವನ್ನು ನೋಡಿಕೊಳ್ಳುವುದು ಸರಕಾರಕ್ಕೆ ಹೊರೆ ಎಂದು ಮೂವರಿಗೂ ಇಲ್ಲ ಎಂದಿದ್ದರು. ಮೇಲ್ಮನವಿಯೂ ಬಿದ್ದುಹೋಗಿತ್ತು. ಉಳಿದದ್ದು ಒಂದೇ ಬಾಗಿಲು, ವಲಸೆ ಮಂತ್ರಿ. ಕಾನೂನು ಇಲ್ಲ ಎಂದದ್ದನ್ನು ಮಂತ್ರಿಯೊಬ್ಬನೇ ಹೌದು ಎನ್ನಬಹುದು, ಯಾಕೆಂದು ಯಾರಿಗೂ ಹೇಳಬೇಕಾಗಿಲ್ಲ.

“ಅಕ್ಕಾರ, ಊರಿಗೆ ಹೋದ್ರ ನಾವಿಬ್ರು ಹೆಂಗರ ಬದಕ್ತೀವ್ರಿ,” ಎಂದಳು. “ಇಕಿ ಇಲ್ಲಿ ಸಾಲಿಗೆ ಹೊಕ್ಕಾಳ. ಅಲ್ಲಿ ಯಾವ ಸಾಲಿ ತಗೋತೈತ್ರಿ ಇಕಿನ್ನ?”

ಅವಳು ಅಳಲಿಲ್ಲ. ನನ್ನ ಮುಂದೆ ಅಳುವವರು ಬೇಕಾದಷ್ಟು ಜನ, ಅಳದವರೆಂದರೆ ನನಗೆ ಸ್ವಲ್ಪ ಗೌರವ. ಅಷ್ಟರಲ್ಲಿ ಹುಡುಗಿಯ ಕಣ್ಣು ನನ್ನ ಮೇಜಿನ ಮೇಲಿದ್ದ ಸ್ಟ್ಯಾಂಪಿನ ಮೇಲೆ ಬಿತ್ತು. ಒಂದು ರದ್ದಿ ಹಾಳೆ ಕೊಟ್ಟೆ. ಮುಷ್ಟಿಯಲ್ಲಿ ಅದನ್ನು ಹಿಡಿಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಇಂಕಿನ ಪ್ಯಾಡಿಗೆ ಒತ್ತಿ, ಹಾಳೆಯ ಮೇಲೆ ಇಳಿಸಿ, ಸಾಹೇಬರ ಸಹಿ ಮೂಡಿದ್ದು ನೋಡಿ ಕಿಲಕಿಲ ನಕ್ಕಳು. “ಅಗೇನ್,” ಎಂದಳು. ಆಮೇಲೆ ಎಷ್ಟು ಸಲ ಬಂದರೂ ಮೊದಲು ಸ್ಟ್ಯಾಂಪು ಕೇಳುತ್ತಿದ್ದಳು, ನಾನು ರದ್ದಿ ಹಾಳೆಗಳನ್ನು ಎತ್ತಿಡುತ್ತಿದ್ದೆ.

ಆ ಕೇಸನ್ನು ನಾನು ಚೆನ್ನಾಗಿ ಮಾಡಿದೆ. ಇದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನಾನು ಬರೀ ಕೆಟ್ಟವಳು ಎಂದು ನೀವು ಸುಲಭವಾಗಿ ಮುಗಿಸಿಬಿಡುತ್ತೀರಿ. ಶಾಲೆಯ ಟೀಚರಿಂದ, ಡಾಕ್ಟರಿಂದ, ಹೋಟೆಲಿನ ಯಜಮಾನನಿಂದ ಪತ್ರ ತರಿಸಿದೆ. ನಾಲ್ಕು ಸಲ ತಿದ್ದಿ ಸಾಹೇಬರ ಪತ್ರ ಬರೆದೆ. ಅವರು ಹುಡುಗಿಯನ್ನು ಒಮ್ಮೆ ನೋಡಿದ್ದರು, ಅವಳು ಅವರ ಅಂಗೈ ಮೇಲೆ ಅವರದೇ ಸಹಿ ಒತ್ತಿದ್ದಳು. ಪೆನ್ನು ತೆಗೆದು ಸಹಿ ಹಾಕಿದರು. ಒಂದು ಗಳಿಗೆ ಯೋಚಿಸಿ, ಕೆಳಗೆ ಆ ಸಾಲನ್ನೂ ಬರೆದರು. ವರ್ಷಕ್ಕೆ ಎರಡೋ ಮೂರೋ ಪತ್ರಕ್ಕೆ ಮಾತ್ರ ಅವರು ಹಾಗೆ ಬರೆಯುತ್ತಿದ್ದರು.

ಆಗಸ್ಟಿನಲ್ಲಿ ಅವರಿಗೆ ಮೆಲ್ಬರ್ನಿನಲ್ಲಿ ಒಂದು ಸಮಿತಿಯ ಸಭೆ ಇತ್ತು. ಮಂತ್ರಿಯ ಆಫೀಸೂ ಅದೇ ಊರಿನಲ್ಲಿ. ಫೈಲು ನಾನೇ ಕೈಯಾರೆ ಕೊಡುತ್ತೇನೆ ಎಂದು ಜೊತೆಗೆ ಹೋದೆ. ಚಳಿ ಎಂದರೆ ಚಳಿ, ಟ್ರಾಮಿನಿಂದ ಇಳಿದು ಆ ಕಟ್ಟಡಕ್ಕೆ ನಡೆಯುವಷ್ಟರಲ್ಲಿ ನನ್ನ ಕೊಡೆ ಎರಡು ಸಲ ಉಲ್ಟಾ ಆಯಿತು. ಮಂತ್ರಿಯ ಸಲಹೆಗಾರ ಮೂವತ್ತರ ಹುಡುಗ, ಸೂಟಿನ ಕೆಳಗೆ ಬಿಳಿ ಸ್ನೀಕರ್ಸು. ಫೈಲನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ನನ್ನೆದುರೇ ಓದಿದ. ಕೈಬರಹದ ಸಾಲಿನ ಮೇಲೆ ಬೆರಳಿಟ್ಟ.

ಅವನು ಹೇಳಿದ್ದು ಸ್ಪಷ್ಟವಾಗಿತ್ತು. ಇದು ಒಳ್ಳೆಯ ಕೇಸು, ಮಂತ್ರಿಗಳ ಮೇಜಿಗೆ ಹೋಗುತ್ತದೆ, ಬಹುಶಃ ಆಗುತ್ತದೆ. ಆದರೆ ಅವರು ಸಹಿ ಹಾಕಿ ಪತ್ರ ಆ ಮನೆಗೆ ತಲುಪುವವರೆಗೆ ಯಾರೂ ಏನೂ ಹೇಳಬಾರದು. ಪೇಪರಿಲ್ಲ, ಫೇಸ್‌ಬುಕ್ ಇಲ್ಲ, ಸಹಿ ಸಂಗ್ರಹ ಇಲ್ಲ. ವಂದನೆಯೂ ಬೇಡ. ಒಬ್ಬರಿಗೆ ಹೌದು ಎಂದದ್ದು ಊರಿಗೆ ಗೊತ್ತಾದರೆ, ಹೌದೆನಿಸಿಕೊಳ್ಳದ ಎಲ್ಲರೂ ಬಾಗಿಲಿಗೆ ಬರುತ್ತಾರೆ. ಆಗ ಮಂತ್ರಿಗೆ ಇಲ್ಲ ಎನ್ನುವುದೊಂದೇ ದಾರಿ. “ಇದು ಎಲ್ಲಾದರೂ ನನ್ನ ಕಣ್ಣಿಗೆ ಬಿದ್ದರೆ, ಈ ಫೈಲು ಈ ಮೇಜಿಗೆ ಬಂದೇ ಇಲ್ಲ ಅಂದುಕೊಳ್ಳಿ,” ಎಂದು ಇಂಗ್ಲಿಷಿನಲ್ಲಿ, ಬಹಳ ನಯವಾಗಿ ಹೇಳಿದ. ನಾನು ತಲೆಯಾಡಿಸಿದೆ.

ವಾಪಸ್ ಬಂದು ಅವಳನ್ನು ಕರೆಸಿ ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. “ನಿನ್ನ ಅಮ್ಮನಿಗೂ ಹೇಳಬಾರದು. ಬಾಯಿಗೆ ಬೀಗ ಹಾಕ್ಕೊ. ನೀನು ಎಲ್ಲಾದರೂ ಬಾಯಿ ಬಿಟ್ಟರೆ ಕೇಸ್ ಕೆಟ್ಟುಹೋಗತ್ತೆ, ಆಮೇಲೆ ನನ್ನ ಹತ್ತಿರ ಬರಬೇಡ.” ನಾನು ಹೀಗೆ ಬೆರಳು ತೋರಿಸಿ ಮಾತಾಡಬಲ್ಲೆ, ಬಡವರೆದುರು ಚೆನ್ನಾಗಿ ಬರುತ್ತದೆ. ಅವಳು ಪಾಲಿಸಿದಳು. ಟಿವಿಯವನೊಬ್ಬ ಶಾಲೆಯ ಮೂಲಕ ಸುದ್ದಿ ತಿಳಿದು ಹೋಟೆಲಿಗೇ ಹೋದಾಗ, ಹಿಂಬಾಗಿಲಿನಿಂದ ಹೊರಟು ಎರಡು ಸ್ಟೇಷನ್ ದೂರ ನಡೆದು ರೈಲು ಹತ್ತಿದ್ದಳು.

ಅಕ್ಟೋಬರಿನ ಕೊನೆಯಲ್ಲಿ ಮೆಲ್ಬರ್ನಿನಿಂದ ಫೋನು. ಅದೇ ಹುಡುಗ. ಫೈಲು ಮಂತ್ರಿಗಳ ಮೇಜಿನ ಮೇಲಿದೆ, ಮೂಡು ಚೆನ್ನಾಗಿದೆ, ಇನ್ನು ಎರಡು ವಾರ ಎಂದ. ನಾನು ಫೋನಿಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ. ಸಂತೋಷಕ್ಕೇ ಅತ್ತದ್ದು. ಆ ಸಂತೋಷ ಶನಿವಾರದವರೆಗೂ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಆ ಶನಿವಾರ ರೌಸ್ ಹಿಲ್‌ನಲ್ಲಿ ನಮ್ಮ ಸಂಘದ ಅಧ್ಯಕ್ಷರ ಮನೆಯಲ್ಲಿ ರಾಜ್ಯೋತ್ಸವದ ತಯಾರಿಯ ಮೀಟಿಂಗು. ಅಧ್ಯಕ್ಷರು ನಿವೃತ್ತ ಡಾಕ್ಟರು, ಎಲ್ಲರಿಗೂ ಅಂಕಲ್. ಸಾಹೇಬರು ಮುಖ್ಯ ಅತಿಥಿ ಎಂದು ಮೊದಲೇ ಗೊತ್ತಾಗಿತ್ತು. ಕಾಫಿ ಬಂತು, ಚಕ್ಕುಲಿ ಬಂತು. ಅಂಕಲ್ ನನ್ನ ಕಡೆ ತಿರುಗಿ, “ಏನಮ್ಮಾ, ನಿಮ್ಮ ಎಂ.ಪಿ. ಬಂದು ಶಾಲು ಹೊದೆಸಿಕೊಂಡು ಹೋಗ್ತಾರೆ ಪ್ರತಿ ವರ್ಷ. ನಮ್ಮವರಿಗೆ ಅವರಿಂದ ಏನಾದ್ರೂ ಯೂಸ್ ಇದೆಯಾ?” ಎಂದು ಕೇಳಿದರು. ಎಲ್ಲರೂ ನಕ್ಕರು. ಹೋಳಿಗೆಯ ಡಾಕ್ಟರ ಹೆಂಡತಿಯೂ ಅಲ್ಲೇ ಇದ್ದಳು, ಅವಳೂ ನಕ್ಕಳು.

ಮೀಟಿಂಗ್ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ನಾನು ಅಂಕಲನ್ನು ಅಡುಗೆಮನೆಯ ಕಡೆಗೆ ಕರೆದೆ. “ಕಾನ್ಫಿಡೆನ್ಶಿಯಲ್ ಅಂಕಲ್, ಯಾರಿಗೂ ಹೇಳಬೇಡಿ,” ಎಂದು ಶುರು ಮಾಡಿ ಪೂರ್ತಿ ಹೇಳಿದೆ. ಹುಡುಗಿ, ಪಿಆರ್, ಮೆಲ್ಬರ್ನು, ಮಂತ್ರಿಯ ಮೇಜು.

“ಅಂದ್ರೆ ಆಯ್ತಾ ಅದು?”

“ಆಯ್ತು ಅಂತಾನೇ ಇಟ್ಕೊಳಿ ಅಂಕಲ್.”

“ನೀನು ಮಾಡಿಸಿದ್ದಾ?” ಎಂದರು, ನನ್ನನ್ನು ಅದೇ ಮೊದಲ ಸಲ ನೋಡುತ್ತಿರುವವರಂತೆ.

“ನಾನೇ ಹೋಗಿದ್ದೆ,” ಎಂದೆ.

ಅಂಕಲ್ ಬಾಯಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಡೀ ಸಿಡ್ನಿಗೆ ಗೊತ್ತು. ಅವರು ಸುಮ್ಮನಿರಲಾರರು ಎಂದು ತಿಳಿದೇ ಹೇಳಿದೆ. ಆ ವಾರ ಬೀರುವಿನಿಂದ ಮೈಸೂರು ಸಿಲ್ಕ್ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟೆ, ಹೊಸ ಬ್ಲೌಸನ್ನೂ ಹೊಲಿಸಿದೆ. ಪ್ರೇಕ್ಷಕರ ಸಾಲಿನಲ್ಲಿ ಕೂರುವವರು ಹಾಗೆ ಸಿದ್ಧರಾಗುವುದಿಲ್ಲ.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ದೊಡ್ಡವರಿಂದ ಕೆಲಸ ಆಗಬೇಕಿದ್ದರೆ, ಆಗುವ ಮೊದಲೇ ಕರೆದು ಶಾಲು ಹೊದೆಸಿಬಿಡುತ್ತೇವೆ. ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ನೀವು ನಮ್ಮ ಪಾಲಿನ ದೇವರು ಎಂದು ಮೈಕಿನಲ್ಲಿ ಹೇಳಿಬಿಟ್ಟರೆ, ಆಮೇಲೆ ಆತ ಇಲ್ಲ ಎನ್ನುವುದು ಹೇಗೆ? ಬೆಂಗಳೂರಿನಲ್ಲಿ ಇದು ನಡೆಯುತ್ತದೆ. ಎಂ.ಎಲ್.ಎ.ಗಳು ಶಾಲಿನ ಋಣಕ್ಕೆ ಬೀಳುವುದನ್ನು ನಾನೇ ಕಂಡಿದ್ದೇನೆ. ಅಂಕಲ್‌ಗೆ ಕೇಡು ಮಾಡುವ ಬುದ್ಧಿ ಇರಲಿಲ್ಲ, ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ ಎಂದೇ ಅವರು ನಂಬಿದ್ದರು. ಇನ್ನೊಂದು ಮೂರ್ಖತನ ನಮ್ಮೆಲ್ಲರದ್ದು. ಸಿಡ್ನಿಯಲ್ಲಿ ಕನ್ನಡ ಮಾತಾಡಿದರೆ ಅದು ಮನೆಯೊಳಗಿನ ಮಾತು, ನಾನೂರು ಜನರ ಮುಂದೆ ಮೈಕಿನಲ್ಲಿ ಹೇಳಿದರೂ ಹೊರಗೆ ಯಾರಿಗೂ ತಿಳಿಯುವುದಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ.

ರಾಜ್ಯೋತ್ಸವದ ದಿನ ಅಡುಗೆ ಗದಗಿನವಳದ್ದೇ. ಗೋಧಿ ಹುಗ್ಗಿ, ಎಣ್ಣೆಗಾಯಿ, ಜೋಳದ ರೊಟ್ಟಿ. ಹಾಲಿನ ಹಿಂದಿನ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ನಿಂತಿದ್ದಳು. ಮಗಳು ಬಾಗಿಲ ಹತ್ತಿರ ಗಾಲಿಕುರ್ಚಿಯಲ್ಲಿ ಕೂತು ಮಕ್ಕಳ ಕೋಲಾಟ ನೋಡುತ್ತಿದ್ದಳು.

ವೇದಿಕೆಯ ಮೇಲೆ ಸಾಹೇಬರ ಪಕ್ಕದ ಕುರ್ಚಿ ನನ್ನದು, ಅನುವಾದ ಮಾಡಲು. ಅಂಕಲ್ ಕನ್ನಡದಲ್ಲಿ ಶುರು ಮಾಡಿದರು. ನಮ್ಮದೇ ಒಂದು ಮಗುವನ್ನು ಈ ದೇಶ ಹೊರಗೆ ಹಾಕಲು ಹೊರಟಿತ್ತು, ಈ ಮಹಾನುಭಾವರು ಮಂತ್ರಿಗಳ ಜೊತೆ ಮಾತಾಡಿ ಅದನ್ನು ತಪ್ಪಿಸಿದ್ದಾರೆ, ಆ ಮಗುವಿಗೆ ಪಿಆರ್ ಆಗಿದೆ ಎಂದರು. ಚಪ್ಪಾಳೆ. ಇದರ ಹಿಂದೆ ಮೆಲ್ಬರ್ನಿಗೆ ಹೋಗಿ ಹೋರಾಡಿದ ನಮ್ಮ ಮನೆಮಗಳೊಬ್ಬಳು ಇದ್ದಾಳೆ ಎಂದು ನನ್ನ ಕಡೆ ಕೈ ತೋರಿಸಿದರು. ಜನ ಎದ್ದು ನಿಂತರು. ಹೋಳಿಗೆಯವಳೂ ಎದ್ದಳು, ನಾನು ನೋಡಿಕೊಂಡೆ.

ಸಾಹೇಬರು ನನ್ನ ಕಿವಿಗೆ ಬಾಗಿ, ಏಕೆ ಇಷ್ಟು ಚಪ್ಪಾಳೆ ಎಂದರು. ನೀವು ಕೊಡಿಸಿದ ಸಾಂಸ್ಕೃತಿಕ ನಿಧಿಗೆ ಎಂದೆ. ಅವರು ಕೈ ಎತ್ತಿ ನಮಸ್ಕಾರ ಮಾಡಿದರು. ಅಷ್ಟರಲ್ಲಿ ಅಂಕಲ್ ತಾಯಿ ಮಗಳನ್ನು ವೇದಿಕೆಗೆ ಕರೆದರು. ಅವಳು ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬರುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ಇಡೀ ಹಾಲನ್ನು ದಾಟಿ ನನ್ನೊಬ್ಬಳನ್ನೇ ನೋಡಿದಳು. ನೀವೇ ಬೇಡ ಅಂದಿದ್ದಿರಲ್ಲ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನಾನು ನಕ್ಕು, ಬಾ ಎಂದು ಕೈ ಬೀಸಿದೆ. ನಾನು ಕರೆದೆನೆಂದು ಬಂದಳು.

“ಇವರೇಕೆ ಇಲ್ಲಿ?” ಎಂದರು ಸಾಹೇಬರು, ಹುಡುಗಿಯ ಕೈ ಹಿಡಿದುಕೊಂಡು.

“ಇವತ್ತಿನ ಅಡುಗೆ ಇವಳದು. ಅಡುಗೆಯವರಿಗೆ ಗೌರವ ಮಾಡುವುದು ನಮ್ಮ ಪದ್ಧತಿ,” ಎಂದೆ.

ಸಾಹೇಬರಿಗೆ ಪೇಟ, ನನಗೆ ಶಾಲು, ಅವಳಿಗೆ ಹಣ್ಣಿನ ಬುಟ್ಟಿ. ಹುಡುಗಿಯ ತೊಡೆಯ ಮೇಲೆ ಯಾರೋ ಒಂದು ಹಳದಿ-ಕೆಂಪು ಬಾವುಟ ಇಟ್ಟರು. ಫೋಟೋ ತೆಗೆದರು, ವೀಡಿಯೋ ಮಾಡಿದರು. ಶಾಲು ಹೊದೆಸುವಾಗ ನನ್ನ ಬೆನ್ನು ನೆಟ್ಟಗಾಯಿತು. ಅಷ್ಟು ಸುಖ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮೂರನೇ ದಿನ ಆ ವೀಡಿಯೋ ಇಂಗ್ಲಿಷ್ ಅಡಿಬರಹದೊಂದಿಗೆ ಫೇಸ್‌ಬುಕ್ಕಿನಲ್ಲಿತ್ತು. ಹಾಕಿದವನು ನಮ್ಮವನೇ. ತನ್ನ ತಾಯಿಯ ವೀಸಾಕ್ಕೆ ಪತ್ರ ಕೇಳಿ ಎರಡು ವರ್ಷದ ಹಿಂದೆ ನಮ್ಮ ಆಫೀಸಿಗೆ ಬಂದಿದ್ದ, ನಾನು ಸ್ಟ್ಯಾಂಪು ಒತ್ತಿ ಕಳಿಸಿದ್ದೆ. ‘ಹಾರ ಹಾಕಿದವರಿಗೆ ಮಾತ್ರ ಎಂ.ಪಿ. ವೀಸಾ ಕೊಡಿಸುತ್ತಾರೆಯೇ? ನಮ್ಮಮ್ಮ ಏನು ಪಾಪ ಮಾಡಿದ್ದಳು?’ ಎಂದು ಬರೆದಿದ್ದ. ಅವನ ಸಂಕಟ ಸುಳ್ಳಲ್ಲ. ಒಬ್ಬ ಪತ್ರಕರ್ತ ಅದನ್ನು ನೋಡಿ ಮಂತ್ರಿಯ ಆಫೀಸಿಗೆ ಫೋನು ಮಾಡಿ, ವೀಸಾಗಳು ಹೀಗೆ ತೀರ್ಮಾನವಾಗುತ್ತವೆಯೇ ಎಂದು ಕೇಳಿದ. ಇಲ್ಲ, ಖಂಡಿತ ಇಲ್ಲ ಎಂಬ ಉತ್ತರ ಹೋಯಿತು. ಮಾರನೇ ವಾರ ಪತ್ರ ಬಂತು: ಈ ಕೇಸಿನಲ್ಲಿ ಮಂತ್ರಿಗಳು ಮಧ್ಯಪ್ರವೇಶ ಮಾಡುವುದಿಲ್ಲ. ಐದು ವಾರದೊಳಗೆ ಮೂವರೂ ದೇಶ ಬಿಡಬೇಕು.

ಮೆಲ್ಬರ್ನಿಗೆ ಫೋನು ಮಾಡಿದೆ. ಆ ಹುಡುಗ ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಎತ್ತಿ, ಯಾವ ಫೈಲು ಎಂದು ಕೇಳಿದ.

ಅವಳು ಆಫೀಸಿಗೆ ಬಂದಾಗ ಸಾಹೇಬರೂ ಇದ್ದರು. ಅವರ ಮುಖ ಕೆಂಪಗಿತ್ತು. ಆ ವಾರದ ಪ್ರಶ್ನೆಯನ್ನು ಅವರಿಂದ ಕಿತ್ತು ಬೇರೆಯವರಿಗೆ ಕೊಟ್ಟಿದ್ದರು, ಅದು ಅವರನ್ನು ಕೊರೆಯುತ್ತಿತ್ತು. ವೇದಿಕೆಯ ಮೇಲೆ ಏನು ಹೇಳಿದರೆಂದು ನಿನಗೆ ಗೊತ್ತಾಗಲಿಲ್ಲವೇ ಎಂದು ನನ್ನನ್ನು ಮೊದಲೇ ಕೇಳಿದ್ದರು. ಚಪ್ಪಾಳೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದಿದ್ದೆ. ಅಂಕಲ್ ಒಂದು ಇ-ಮೇಲ್ ಕಳಿಸಿದ್ದರು: ವಿಷಯ ಸಮುದಾಯದ ಒಳಗಿನಿಂದ ತಮಗೆ ತಿಳಿಯಿತು, ವಿಷಾದವಿದೆ. ನನ್ನ ಹೆಸರಿರಲಿಲ್ಲ. ಅಷ್ಟು ಉಪಕಾರ ಮಾಡಿದ್ದರು.

ಸಾಹೇಬರು ಅವಳನ್ನು ಕೂರಿಸಿ, ಸಮಾಧಾನದ ದನಿಯಲ್ಲೇ ಕೇಳಿದರು. ಯಾರಿಗೂ ಹೇಳಬಾರದು ಎಂದಿದ್ದೆವು. ನೀವು ಹೇಳಿದಿರಾ?

ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಅನುವಾದ ಬೇಕಾಗಿರಲಿಲ್ಲ, ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವಳು ನನ್ನ ಕಡೆ ತಿರುಗಿದಳು. ನನಗೆ ಹೇಳಬೇಕಾದದ್ದು ಗೊತ್ತಿತ್ತು: ಇವಳಲ್ಲ, ನಾನು. ಅಷ್ಟು ಹೇಳಿದ್ದರೆ ಸಾಹೇಬರು ನನ್ನನ್ನು ಕೆಲಸದಿಂದ ತೆಗೆದು, ಮಂತ್ರಿಗೆ ಫೋನು ಮಾಡಿ, ತಪ್ಪು ನನ್ನ ಆಫೀಸಿನದು, ಆ ಸಂಸಾರದ್ದಲ್ಲ, ಬಾಯಿಬಿಟ್ಟವಳನ್ನು ಕೆಲಸದಿಂದ ತೆಗೆದಿದ್ದೇನೆ, ಇನ್ನೊಮ್ಮೆ ನೋಡಿ ಎನ್ನಬಹುದಿತ್ತು. ನಡೆಯಬಹುದಾದ ದಾರಿ ಅದೊಂದೇ ಇತ್ತು. ನಾನು ನನ್ನ ಉಗುರು ನೋಡಿಕೊಂಡು ಕೂತೆ.

“ಯೆಸ್ ಸರ್,” ಎಂದಳು ಅವಳು. “ಐ ಟೋಲ್ಡ್.”

ಸಾಹೇಬರು ನಿಟ್ಟುಸಿರು ಬಿಟ್ಟು, ಮನುಷ್ಯ ಸಹಜ, ಆದರೆ ಈಗ ನನ್ನ ಕೈ ಕಟ್ಟಿದೆ ಎಂದು ಎದ್ದರು. ಅವರು ಹೊರಗೆ ಹೋದ ಮೇಲೆ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಎಳೆದುಕೊಂಡಳು.

“ನಿಮ್ಮ ಮಾರಿ ನೋಡಿ ನನ್ನ ಮ್ಯಾಲ ಹಾಕ್ಕೊಂಡಿಲ್ರಿ ಅಕ್ಕಾರ,” ಎಂದಳು. ದನಿ ಏರಲಿಲ್ಲ. “ನೀವು ಹೋದ್ರ ನನಗ ಇಲ್ಲಿ ಇನ್ನೊಂದು ಕಾಗದ ಬರಿಯಾವ್ರು ಯಾರದಾರ್ರಿ? ನಿಮ್ಮ ನೌಕರಿ ಉಳಿಸೀನಿ. ಕಾಗದ ಬರೀರಿ.”

ಬರೆಯುತ್ತೇನೆ ಎಂದೆ. ನಿಜವಾಗಿಯೂ ಬರೆದೆ, ಮೊದಲಿನದಕ್ಕಿಂತ ಚೆನ್ನಾಗಿ. ಮರುಪರಿಶೀಲನೆಗೆ ಕೋರಿಕೆ, ಎರಡು ಪುಟ. ಸಾಹೇಬರ ಮುಂದಿಟ್ಟೆ. ಅವರು ಮೊದಲ ಪ್ಯಾರಾ ಓದಿ ಪಕ್ಕಕ್ಕೆ ಸರಿಸಿದರು. “ಕಳಿಸು, ಕಳಿಸಲಿಲ್ಲ ಅಂತ ಆಗಬಾರದು. ಸ್ಟ್ಯಾಂಪು ಹಾಕು,” ಎಂದರು. ನಾನು ಪತ್ರ ಎತ್ತಿಕೊಂಡು ಹೊರಗೆ ಬಂದೆ. ಜೋರು ಮಾಡಿದರೆ, ನಿನಗೇಕೆ ಇಷ್ಟು ಎಂದು ಕೇಳಿಯಾರು ಎಂಬ ಭಯ.

ದೇಶ ಬಿಡುವ ವಾರ ತಾಯಿ ಮಗಳು ಕೊನೆಯ ಸಲ ಬಂದರು. ಪತ್ರ ನನ್ನ ಮೇಜಿನ ಮೇಲೆ ಸಿದ್ಧವಿತ್ತು, ಸಹಿಯ ಜಾಗ ಖಾಲಿ. ತಾಯಿ ನಿಂತುಕೊಂಡೇ ಎರಡೂ ಪುಟ ಓದಿದಳು. “ಚಲೋ ಬರ್ದೀರಿ,” ಎಂದಳು. “ಸಾಹೇಬ್ರು ಸಹಿ ಯಾವಾಗ ಮಾಡ್ತಾರ್ರಿ?”

ಅಷ್ಟರಲ್ಲಿ ಹುಡುಗಿ ಡ್ರಾಯರಿನ ಕಡೆ ಕೈ ಚಾಚಿದಳು. “ಆಂಟಿ, ಸ್ಟ್ಯಾಂಪ್.”

ರದ್ದಿ ಹಾಳೆ ಇತ್ತು. ಅವಳಿಗಾಗಿ ಎತ್ತಿಟ್ಟದ್ದೇ, ಒಂದು ಕಟ್ಟು. ನಾನು ಅದನ್ನು ತೆಗೆಯಲಿಲ್ಲ. ಸ್ಟ್ಯಾಂಪನ್ನು ಅವಳ ಮುಷ್ಟಿಗೆ ಕೊಟ್ಟು, ಆ ಪತ್ರವನ್ನೇ ಅವಳ ಮುಂದೆ ಸರಿಸಿ, ಎಲ್ಲಿ ಒತ್ತಬೇಕೆಂದು ಬೆರಳಿನಿಂದ ತೋರಿಸಿದೆ. ನನ್ನ ಕೈಯಿಂದ ಒತ್ತಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ. ಅವಳು ಉಸಿರು ಬಿಗಿಹಿಡಿದು, ಎರಡೂ ಕೈ ಸೇರಿಸಿ, ಅದುರದ ಹಾಗೆ ಇಳಿಸಿದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಹಿಂದೆಂದೂ ಒತ್ತಿರಲಿಲ್ಲ. ತಲೆಯೆತ್ತಿ ನಕ್ಕಳು.

ತಾಯಿಯ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಒಂದು ಬೆಳಕು ಬಂತು. “ಖರೇ ಕಾಗದಕ್ಕ ಒತ್ತಸೀರಲ್ರಿ,” ಎಂದಳು. ಆವತ್ತಿನ ಸಿಟ್ಟನ್ನೆಲ್ಲ ಬಿಟ್ಟು, ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ತಡೆಯುವಷ್ಟರಲ್ಲಿ ಮುಟ್ಟಿಯೇಬಿಟ್ಟಿದ್ದಳು. ಅವಳ ಕಣ್ಣೆದುರೇ ಲಕೋಟೆಗೆ ಹಾಕಿ ಅಂಟಿಸಿದೆ.

ಒಂಬತ್ತು ದಿನಕ್ಕೆ ಉತ್ತರ ಬಂತು. ಎರಡು ಸಾಲು. ಕೋರಿಕೆಯನ್ನು ಗಮನಿಸಲಾಗಿದೆ, ಕೇಸು ಮುಗಿದಿದೆ. ಅದರ ಕೆಳಗೂ ರಬ್ಬರ್ ಸ್ಟ್ಯಾಂಪೇ. ಅಷ್ಟರಲ್ಲಿ ಅವರು ದೇಶ ಬಿಟ್ಟಾಗಿತ್ತು. ಕಂಪ್ಯೂಟರಿನಲ್ಲಿ ಆ ಕೇಸನ್ನು ಮುಚ್ಚುವಾಗ ‘ಇತ್ಯರ್ಥವಾಗಿದೆ’ ಎಂಬುದನ್ನು ಒತ್ತಿದೆ, ಇರುವುದು ಅದೊಂದೇ ಆಯ್ಕೆ. ಆ ಉತ್ತರವನ್ನು ಸ್ಟ್ಯಾಂಪಿನ ಡ್ರಾಯರಿನ ತಳದಲ್ಲಿ ಇಟ್ಟೆ.

ಸಾಹೇಬರು ಮುಂದಿನ ಚುನಾವಣೆಯಲ್ಲೂ ಗೆದ್ದರು. ಪ್ರಶ್ನೆಗಳು ಮತ್ತೆ ಬರತೊಡಗಿವೆ. ಸಂಘದಲ್ಲಿ ನನ್ನನ್ನು ಈಗ ಉಪಾಧ್ಯಕ್ಷೆ ಮಾಡಿದ್ದಾರೆ. ಆ ತಾಯಿಯ ಬಾಯಿಬಡುಕತನದಿಂದ ಎಂಥಾ ಕೆಲಸ ಕೆಟ್ಟಿತು ನೋಡಿ ಎಂದು ನಮ್ಮವರು ಈಗಲೂ ಆಡಿಕೊಳ್ಳುತ್ತಾರೆ. ಹೋಳಿಗೆಯವಳು ನನ್ನ ಪಕ್ಕದಲ್ಲಿ ಕೂತು, “ಪಾಪ, ನೀವೆಷ್ಟು ಕಷ್ಟಪಟ್ರಿ,” ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಗದಗಿನಿಂದ ಎರಡು ಮೂರು ತಿಂಗಳಿಗೊಮ್ಮೆ ವಾಯ್ಸ್ ಮೆಸೇಜು ಬರುತ್ತದೆ. ಹೋದ ವಾರವೂ ಬಂತು. ಹಿಂದೆ ಕುಕ್ಕರಿನ ಸೀಟಿ, ಯಾರೋ ಬಾಗಿಲು ಬಡಿಯುವ ಸದ್ದು. “ಅಕ್ಕಾರ, ಆರಾಮದೀರೇನ್ರಿ? ಇಲ್ಲಿ ಸಾಲ್ಯಾಗ ಇಕಿನ್ನ ತಗೊಂಡಿಲ್ರಿ, ಮನ್ಯಾಗ ಇರ್ತಾಳ. ಆ ಎರಡನೇ ಕಾಗದಕ್ಕ ಉತ್ತರ ಏನರ ಬಂತೇನ್ರಿ? ದಿನಾ ಕೇಳ್ತಾಳ್ರಿ, ನಾ ಒತ್ತಿದ್ದ ಕಾಗದ ಎಲ್ಲಿಗಿ ಹೋತು ಅಂತ.”

ಮೆಸೇಜನ್ನು ಎರಡು ಸಲ ಕೇಳಿದೆ. ಆಮೇಲೆ ಪ್ರತಿ ಸಲ ಬರೆಯುವುದನ್ನೇ ಬರೆದು ಕಳಿಸಿದೆ: ‘ಇನ್ನೂ ಬಂದಿಲ್ಲಮ್ಮ. ಬಂದ ತಕ್ಷಣ ಹೇಳ್ತೀನಿ.’